ದುಬೈ ನೋಡಲು ಒಂದು ನೋಲ್ ಕಾರ್ಡು, ಒಂದು ದಿರ್ಹಮಿನ ದೋಣಿ: ದಂಪತಿಗಳ ಒಂದು ದಿನದ ಸುತ್ತಾಟದ ವಿಮರ್ಶೆ

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ನೇರ ವಿಮಾನ ಹತ್ತಿದರೆ ನಾಲ್ಕು ಗಂಟೆಯೊಳಗೆ ತಲುಪಬಹುದಾದ ನಗರ ದುಬೈ. ಅಲ್ಲಿ ದುಡಿಯುವ ಒಬ್ಬ ಅಣ್ಣನೋ ಭಾವನೋ ಇಲ್ಲದ ಕುಟುಂಬ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಸಿಗುವುದು ಕಷ್ಟ. ಆದರೂ ಹಲವು ವರ್ಷ ಅಲ್ಲಿದ್ದು ಬಂದವರನ್ನು ನೋಡುವಂಥದ್ದು ಏನಿದೆ ಎಂದು ಕೇಳಿದರೆ ಬುರ್ಜ್ ಖಲೀಫಾ, ದೊಡ್ಡ ಮಾಲು, ಮರಳುಗಾಡಿನ ಸಫಾರಿ ಎಂಬ ಮೂರು ಉತ್ತರಗಳ ಆಚೆ ಮಾತು ಬೆಳೆಯುವುದು ಅಪರೂಪ. ದುಡಿಯಲು ಹೋದವರಿಗೆ ಊರು ನೋಡುವ ಪುರುಸೊತ್ತು ಇರುವುದಿಲ್ಲ. ನೋಡಲು ಹೋದವರನ್ನು ಪ್ಯಾಕೇಜಿನ ಬಸ್ಸು ಹೊತ್ತೊಯ್ಯುತ್ತದೆ. ಈ ಎರಡನ್ನೂ ಬಿಟ್ಟು, ಅಲ್ಲಿನ ಮೆಟ್ರೋ, ಕ್ರೀಕ್ ಎಂಬ ಸಮುದ್ರದ ಕವಲನ್ನು ದಾಟಿಸುವ ಅಬ್ರಾ ದೋಣಿ ಮತ್ತು ಸ್ವಂತ ಕಾಲುಗಳನ್ನು ಮಾತ್ರ ನಂಬಿಕೊಂಡು ನಾನೂ ನನ್ನ ಪತ್ನಿಯೂ ಒಂದು ಇಡೀ ದಿನ ಸುತ್ತಿದೆವು. ಪ್ರವಾಸಿಗರಿಗೆ ಈ ಸಾರ್ವಜನಿಕ ಸಾರಿಗೆ ಎಷ್ಟರ ಮಟ್ಟಿಗೆ ಒದಗಿಬರುತ್ತದೆ, ಪ್ಯಾಕೇಜಿನ ಸಿಟಿ ಟೂರಿಗೆ ಹೋಲಿಸಿದರೆ ಹೇಗಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಸಿಟಿ ಟೂರಿನ ಬಗ್ಗೆ ನಾಲ್ಕು ಮಾತು. ಊರಿನಲ್ಲೇ ಒಂದು ಪ್ರವಾಸ ಸಂಸ್ಥೆಯ ಮೂಲಕ ಅರ್ಧ ದಿನದ ಸುತ್ತಾಟವನ್ನು ಕಾದಿರಿಸಿದ್ದೆವು. ಸಂಸ್ಥೆಯ ಹೆಸರು ಇಲ್ಲಿ ಬೇಡ, ಏಕೆಂದರೆ ಈ ಪದ್ಧತಿ ಅದೊಂದರದ್ದೇ ಅಲ್ಲ. ಬಸ್ಸು ಜುಮೇರಾ ಮಸೀದಿಯ ಹೊರಗೆ ನಿಂತಿತು, ಬುರ್ಜ್ ಅಲ್ ಅರಬ್ ಹೋಟೆಲನ್ನು ದೂರದ ಸಮುದ್ರ ತೀರದಿಂದ ತೋರಿಸಿತು, ಪಾಮ್ ಜುಮೇರಾ ಎಂಬ ಕೃತಕ ದ್ವೀಪದ ತುದಿಯವರೆಗೆ ಓಡಿ ಅಲ್ಲಿಂದಲೇ ತಿರುಗಿತು. ಪ್ರತಿಯೊಂದು ಕಡೆಯೂ ಫೋಟೋ ತೆಗೆಯುವಷ್ಟೇ ಹೊತ್ತು. ಆದರೆ ರತ್ನಗಂಬಳಿ ಮತ್ತು ಚರ್ಮದ ಸಾಮಾನು ಮಾರುವ ಮಳಿಗೆಯೊಂದರಲ್ಲಿ, ಆಮೇಲೆ ಚಾಕೊಲೇಟಿನ ಅಂಗಡಿಯೊಂದರಲ್ಲಿ ಮಾತ್ರ ಯಾರಿಗೂ ಅವಸರವಿರಲಿಲ್ಲ. ಅಬ್ರಾ ಪ್ರಯಾಣ ಸೇರಿದೆ ಎಂದು ಕರಪತ್ರದಲ್ಲಿ ಅಚ್ಚಾಗಿದ್ದರೂ ಹೊತ್ತಾಯಿತೆಂದು ಅದನ್ನೇ ಕೈಬಿಟ್ಟರು. “ಚಾಕೊಲೇಟ್ ಅಂಗಡಿ ನೋಡಿ ಆಯ್ತು, ಇನ್ನು ದುಬೈ ನೋಡುವುದು ಯಾವಾಗ ಮಾರಾಯ್ರೆ?” ಎಂದು ನನ್ನ ಪತ್ನಿ ಬಸ್ಸಿನಲ್ಲೇ ಕೇಳಿದಳು. ಜುಮೇರಾ, ಪಾಮ್ ಮುಂತಾದ ಪರಸ್ಪರ ದೂರವಿರುವ ಸ್ಥಳಗಳನ್ನು ಒಂದೇ ಬೆಳಗಿನಲ್ಲಿ ನೋಡಿ ಮುಗಿಸಬೇಕೆನ್ನುವವರಿಗೆ ಬಸ್ಸು ಅನುಕೂಲವೆಂಬುದು ನಿಜ. ಹಳೆಯ ದುಬೈಗೆ ಮಾತ್ರ ಅದರಿಂದ ಯಾವ ಪ್ರಯೋಜನವೂ ಇಲ್ಲ. ಅಲ್ಲಿನ ಓಣಿಗಳಿಗೆ ಬಸ್ಸು ನುಗ್ಗಲಾರದು, ಮತ್ತು ಆ ಭಾಗದಲ್ಲಿ ನೋಡಬೇಕಾದದ್ದೆಲ್ಲ ಇರುವುದು ಓಣಿಗಳಲ್ಲೇ.

ಸ್ವಂತ ಸುತ್ತಾಟಕ್ಕೆ ಬೇಕಾದ ಮೊದಲ ಸಾಮಗ್ರಿ ನೋಲ್ ಕಾರ್ಡು. ಮೆಟ್ರೋ, ಬಸ್ಸು, ಟ್ರಾಮ್ ಎಲ್ಲಕ್ಕೂ ನಡೆಯುವ ಈ ಕಾರ್ಡು ಯಾವ ನಿಲ್ದಾಣದ ಕೌಂಟರಿನಲ್ಲೂ ಸಿಗುತ್ತದೆ. ಸಿಲ್ವರ್ ಎಂಬ ಸಾಮಾನ್ಯ ಕಾರ್ಡಿನ ಬೆಲೆ 25 ದಿರ್ಹಮ್, ಅದರಲ್ಲಿ 19 ದಿರ್ಹಮ್ ಪ್ರಯಾಣಕ್ಕೆ ಬಳಸಲು ಬರುತ್ತದೆ. ನಗರವನ್ನು ವಲಯಗಳಾಗಿ ವಿಂಗಡಿಸಿದ್ದಾರೆ. ಒಂದೇ ವಲಯದೊಳಗೆ 3, ಎರಡು ವಲಯಕ್ಕೆ 5, ಅದಕ್ಕಿಂತ ಹೆಚ್ಚಿಗೆ ಏಳೂವರೆ ದಿರ್ಹಮ್. ಒಳಗೆ ಹೋಗುವಾಗ ಕಾರ್ಡಿನಲ್ಲಿ ಕನಿಷ್ಠ ಏಳೂವರೆ ದಿರ್ಹಮ್ ಇರಬೇಕು. ಇಲ್ಲವಾದರೆ ಗೇಟು ತೆರೆಯುವುದಿಲ್ಲ. ರೆಡ್ ಟಿಕೆಟ್ ಎಂಬ ಕಾಗದದ ಚೀಟಿಯ ಮೇಲೆ 20 ದಿರ್ಹಮಿನ ಒಂದು ದಿನದ ಪಾಸು ಕೂಡ ಇದೆ, ಮತ್ತು ಪ್ರವಾಸಿಗರಿಗೆ ಸಾಮಾನ್ಯವಾಗಿ ಅದನ್ನೇ ಕೊಳ್ಳಲು ಹೇಳುತ್ತಾರೆ. ಆದರೆ ಇಲ್ಲಿ ವಿವರಿಸುವ ದಾರಿಯಲ್ಲಿ ದೊಡ್ಡ ಮೆಟ್ರೋ ಪ್ರಯಾಣಗಳು ಕೆಲವೇ ಆದ್ದರಿಂದ ಪಾಸಿಗಿಂತ ಸಿಲ್ವರ್ ಕಾರ್ಡೇ ಅಗ್ಗ. ಗಂಡ ಹೆಂಡತಿಗೆ ಎರಡು ಪ್ರತ್ಯೇಕ ಕಾರ್ಡುಗಳು ಬೇಕು. ಒಂದನ್ನೇ ತಟ್ಟಿ ಇಬ್ಬರು ಒಳಹೋಗಲು ಬರುವುದಿಲ್ಲ. ಇನ್ನು ಹಣದ ವಿಷಯಕ್ಕೆ ಬಂದರೆ, ದಿರ್ಹಮಿನ ಬೆಲೆಯನ್ನು 1997ರಿಂದ ಡಾಲರಿಗೆ 3.6725 ಎಂದು ಕಟ್ಟಿಹಾಕಿರುವ ಕಾರಣ, ಮನೆಯಲ್ಲಿ ಉಳಿದ ಡಾಲರುಗಳಿದ್ದರೆ ಅವನ್ನು ರೂಪಾಯಿಗೆ ತಿರುಗಿಸಿ ಮತ್ತೆ ದಿರ್ಹಮ್ ಕೊಳ್ಳುವ ಅಗತ್ಯವಿಲ್ಲ. ನೇರವಾಗಿ ಅವನ್ನೇ ಒಯ್ಯಬಹುದು.

ಮೆಟ್ರೋದ ಬಗ್ಗೆ ಹೇಳುವುದಾದರೆ ಅದು ಆರಂಭವಾದದ್ದು 2009ರ ಸೆಪ್ಟೆಂಬರ್ 9ರಂದು. ಮೊದಲು ರೆಡ್ ಲೈನ್, ಸರಿಯಾಗಿ ಎರಡು ವರ್ಷಗಳ ಬಳಿಕ ಗ್ರೀನ್ ಲೈನ್. ರೈಲುಗಳಿಗೆ ಚಾಲಕರಿಲ್ಲ. ಒಂದು ಭಾಗ ಹೆಂಗಸರಿಗೆ ಮತ್ತು ಮಕ್ಕಳಿಗೆ ಮೀಸಲು. ನೆಲದ ಮೇಲೆ ಗುಲಾಬಿ ಬಣ್ಣದ ಗೆರೆ ಎಳೆದಿರುತ್ತಾರೆ, ಅದನ್ನು ದಾಟಿ ನಿಂತ ಗಂಡಸಿಗೆ 100 ದಿರ್ಹಮ್ ದಂಡ. ರೈಲಿನಲ್ಲಿ ತಿಂದರೆ ಅಥವಾ ಕುಡಿದರೆ ಕೂಡ ಅಷ್ಟೇ ದಂಡ ಬೀಳುತ್ತದೆ. ಕೈಚೀಲದಲ್ಲಿ ಚಕ್ಕುಲಿ ಇಟ್ಟುಕೊಂಡು ಹೊರಡುವ ನಮ್ಮ ಕಡೆಯವರು ಇದನ್ನು ನೆನಪಿನಲ್ಲಿಡಬೇಕು. ತುದಿಯಲ್ಲಿರುವ ಗೋಲ್ಡ್ ಕ್ಲಾಸ್ ಡಬ್ಬಿಗೆ ಎರಡು ಪಟ್ಟು ದರ ಮತ್ತು ಬೇರೆ ಕಾರ್ಡು ಬೇಕಾಗುತ್ತದೆ. ದಿನವಿಡೀ ಅದರಲ್ಲಿ ತಿರುಗುವುದು ದುಂದು. ಆದರೆ ರೆಡ್ ಲೈನಿನಲ್ಲಿ ಒಮ್ಮೆಯಾದರೂ ಅದರಲ್ಲಿ ಮುಂದಿನ ಗಾಜಿನ ಹಿಂದೆ ನಿಂತು, ಶೇಖ್ ಜಾಯೆದ್ ರಸ್ತೆಯ ಎರಡೂ ಬದಿಯ ಗಗನಚುಂಬಿಗಳ ನಡುವೆ ರೈಲು ಸಾಗುವುದನ್ನು ನೋಡುವುದಕ್ಕೆ ಆ ದರ ಹೆಚ್ಚಲ್ಲ. ಯಾವ ದಿಕ್ಕಿನಲ್ಲಿ ಹೋಗುವಾಗ ಆ ಡಬ್ಬಿ ಮುಂದಿರುತ್ತದೆಂದು ಪ್ಲಾಟ್‌ಫಾರ್ಮಿನ ಫಲಕ ನೋಡಿಕೊಳ್ಳಬೇಕು, ಹಿಂದಿರುವಾಗ ದುಪ್ಪಟ್ಟು ಕೊಟ್ಟು ಫಲವಿಲ್ಲ.

ನಮ್ಮ ವಾಸ್ತವ್ಯ ಕರಾಮಾ ಎಂಬ ಬಡಾವಣೆಯಲ್ಲಿ ಪತ್ನಿಯ ತಮ್ಮನ ಮನೆಯಲ್ಲಿತ್ತು. ಬುರ್ಜುಮಾನ್ ನಿಲ್ದಾಣದಲ್ಲಿ ಗ್ರೀನ್ ಲೈನ್ ಹತ್ತಿ ಮುಂದಿನ ನಿಲ್ದಾಣದಲ್ಲೇ ಇಳಿದರೆ ಅಲ್ ಫಹೀದಿ ಎಂಬ ಹಳೆಯ ಕೇರಿ ನಡೆದು ತಲುಪುವ ದೂರದಲ್ಲಿದೆ. ಹಿಂದೆ ಆ ಕೇರಿಯ ಹೆಸರನ್ನೇ ಹೊತ್ತಿದ್ದ ನಿಲ್ದಾಣಕ್ಕೆ ಈಗ ವಿದ್ಯುತ್ ಉಪಕರಣಗಳ ಮಳಿಗೆ ಸಂಸ್ಥೆಯೊಂದರ ಹೆಸರಿದೆ. ದುಬೈಯಲ್ಲಿ ನಿಲ್ದಾಣಗಳ ಹೆಸರನ್ನೂ ಮಾರುತ್ತಾರೆ. ಆದ್ದರಿಂದ ಸಂಬಂಧಿಕರು ಬಾಯಿಮಾತಿನಲ್ಲಿ ಹೇಳಿದ ಹಳೆಯ ಹೆಸರನ್ನು ನಂಬಿ ಹೊರಡದೆ, ಅಂದಿನ ನಕ್ಷೆಯನ್ನು ನೋಡಿಕೊಳ್ಳುವುದು ಲೇಸು.

ಅಲ್ ಫಹೀದಿಯನ್ನು ಬಸ್ತಾಕಿಯಾ ಎಂದೂ ಕರೆಯುತ್ತಾರೆ. ಇರಾನಿನ ದಕ್ಷಿಣ ಭಾಗದ ಬಸ್ತಕ್ ಎಂಬ ಊರಿನಿಂದ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೂ ಇಪ್ಪತ್ತನೆಯ ಶತಮಾನದ ಆರಂಭದಲ್ಲೂ ವಲಸೆ ಬಂದ ವರ್ತಕರು ಕಟ್ಟಿಕೊಂಡ ಮನೆಗಳಿವು. ಹವಳದ ಕಲ್ಲು ಮತ್ತು ಜಿಪ್ಸಮ್ಮಿನ ಗೋಡೆಗಳು, ನಡುವೆ ಅಂಗಳ, ಮೇಲೆ ನಾಲ್ಕೂ ದಿಕ್ಕಿಗೆ ಬಾಯಿ ತೆರೆದ ಚೌಕಾಕಾರದ ಗಾಳಿಗೋಪುರ. ಬರ್ಜೀಲ್ ಎಂದು ಕರೆಯಲಾಗುವ ಈ ಗೋಪುರವು ಮೇಲಿನ ಗಾಳಿಯನ್ನು ಹಿಡಿದು ಕೋಣೆಯೊಳಕ್ಕೆ ಇಳಿಸುತ್ತದೆ, ಒಳಗಿನ ಬಿಸಿ ಗಾಳಿಯನ್ನು ಇನ್ನೊಂದು ಬದಿಯಿಂದ ಹೊರಗೆ ಹಾಕುತ್ತದೆ. ವಿದ್ಯುತ್ತಿಲ್ಲದ ಕಾಲದಲ್ಲಿ ಆ ಸೆಖೆಯಲ್ಲಿ ಜನ ಬದುಕಿದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಬೇಕಾದವರು ಯಾವುದಾದರೊಂದು ಗೋಪುರದ ಕೆಳಗೆ ಒಂದಷ್ಟು ಹೊತ್ತು ನಿಂತರೆ ಸಾಕು. ಓಣಿಗಳನ್ನು ಉದ್ದೇಶಪೂರ್ವಕವಾಗಿ ಕಿರಿದಾಗಿ ಕಟ್ಟಿದ್ದಾರೆ. ಹೀಗಾಗಿ ಬಿಸಿಲೇರಿದ ಮೇಲೂ ಒಂದು ಬದಿಯ ಗೋಡೆಯ ನೆರಳು ಉಳಿದಿರುತ್ತದೆ.

ಈ ಕೇರಿ ಉಳಿದದ್ದೇ ಒಂದು ಕಥೆ. 1980ರ ದಶಕದಲ್ಲಿ ಸರಕಾರಿ ಕಟ್ಟಡಗಳಿಗಾಗಿ ಇದರ ಒಂದು ದೊಡ್ಡ ಭಾಗವನ್ನು ಕೆಡವಲಾಗಿತ್ತು. ಉಳಿದದ್ದನ್ನು ಕಾಪಾಡಬೇಕೆಂದು ಅಲ್ಲೇ ವಾಸವಾಗಿದ್ದ ರೇನರ್ ಆಟರ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿ ಪ್ರಯತ್ನಿಸಿದರು. 1989ರಲ್ಲಿ ಆಗಿನ ಬ್ರಿಟಿಷ್ ಯುವರಾಜ ಚಾರ್ಲ್ಸ್ ಇಲ್ಲಿಗೆ ಬಂದು ಓಣಿಗಳಲ್ಲಿ ನಡೆದಾಡಿ ಸಂರಕ್ಷಣೆಯ ಪರವಾಗಿ ಮಾತನಾಡಿದ ಮೇಲೆ ಕೆಡಹುವ ಕೆಲಸ ನಿಂತಿತು. ಇಂದು ಇಲ್ಲಿ ಚಿತ್ರಶಾಲೆಗಳು, ನಾಣ್ಯ ಸಂಗ್ರಹಾಲಯ, ಕಾಫಿ ಸಂಗ್ರಹಾಲಯ, ಒಂದೆರಡು ಚಹಾದ ಮನೆಗಳು ಇವೆ. ಕೇರಿಯೊಳಗೆ ನಡೆಯಲು ಟಿಕೆಟ್ ಇಲ್ಲ. ಮಂಗಳೂರಿನ ಬಂದರು ಪ್ರದೇಶದಲ್ಲೂ ಕುದ್ರೋಳಿಯ ಕಡೆಯೂ ಹೆಂಚಿನ ಹಳೆಯ ಮನೆಗಳು ಒಂದೊಂದಾಗಿ ಕಾಣೆಯಾಗುವುದನ್ನು ನೋಡುತ್ತ ಬಂದಿರುವ ನನಗೆ ಇಲ್ಲಿ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಆದರೆ ಒಂದು ಆಕ್ಷೇಪವನ್ನೂ ಹೇಳಬೇಕು: ದುರಸ್ತಿ ತೀರಾ ನುಣುಪಾಗಿದೆ, ಗೋಡೆಗಳೆಲ್ಲ ಒಂದೇ ಬಣ್ಣ, ಮತ್ತು ಹಳೆಯ ಕುಟುಂಬಗಳು ಯಾವುವೂ ಈಗ ಅಲ್ಲಿಲ್ಲ. ಮನೆಗಳು ಉಳಿದಿವೆ, ಮನೆಯವರು ಇಲ್ಲ.

ನಾಣ್ಯಗಳ ವಿಷಯ ಬಂದದ್ದರಿಂದ ಮಾರ್ಗದರ್ಶಿಗಳು ಸಾಮಾನ್ಯವಾಗಿ ಹೇಳದ ಒಂದು ಸಂಗತಿ. 1966ರವರೆಗೂ ದುಬೈಯ ಪೇಟೆಯಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ. ಮೊದಲು ನಮ್ಮ ರೂಪಾಯಿಯೇ ಅಲ್ಲಿ ನಡೆಯುತ್ತಿತ್ತು. ಚಿನ್ನದ ಕಳ್ಳಸಾಗಣೆಯಿಂದ ವಿದೇಶಿ ವಿನಿಮಯಕ್ಕೆ ಪೆಟ್ಟು ಬೀಳುವುದನ್ನು ಕಂಡು ರಿಸರ್ವ್ ಬ್ಯಾಂಕ್ 1959ರಲ್ಲಿ ಗಲ್ಫ್ ದೇಶಗಳಿಗೆಂದೇ ಬೇರೆ ನೋಟುಗಳನ್ನು ಹೊರಡಿಸಿತು. 1966ರ ಜೂನ್ ತಿಂಗಳಿನಲ್ಲಿ ಭಾರತ ರೂಪಾಯಿಯ ಅಪಮೌಲ್ಯ ಮಾಡಿದ ಮೇಲೆ ದುಬೈ ಅದನ್ನು ಕೈಬಿಟ್ಟಿತು. ದಿರ್ಹಮ್ ಬಂದದ್ದು ಆಮೇಲೆ, 1973ರಲ್ಲಿ.

ಅಲ್ ಫಹೀದಿ ಕೋಟೆಯ ಬದಿಯಿಂದ ಜವಳಿ ಸೂಕ್‌ನತ್ತ (ಸೂಕ್ ಎಂದರೆ ಪೇಟೆ) ಸಾಗಿದರೆ ಭಾರತೀಯರು ಹಿಂದಿ ಲೇನ್ ಎಂದು ಕರೆಯುವ ಇಕ್ಕಟ್ಟಾದ ಓಣಿ ಸಿಗುತ್ತದೆ. ಎರಡೂ ಕಡೆ ಹೂವು, ಕುಂಕುಮ, ತೆಂಗಿನಕಾಯಿ, ಗಂಧದ ಕಡ್ಡಿ, ದೇವರ ಪಟಗಳು. ಇಲ್ಲಿಯೇ 1958ರಿಂದ ಇದ್ದ ಶಿವಾಲಯವನ್ನು 2024ರ ಜನವರಿಯಲ್ಲಿ ಜೆಬೆಲ್ ಅಲಿಯ ಹೊಸ ಹಿಂದೂ ದೇವಾಲಯಕ್ಕೆ ಸ್ಥಳಾಂತರಿಸಿದರು. ಆ ದೇವಾಲಯ 2022ರ ಅಕ್ಟೋಬರಿನಲ್ಲಿ ತೆರೆದದ್ದು, ನಗರದ ಇನ್ನೊಂದು ತುದಿಯಲ್ಲಿದೆ. ಅದನ್ನು ಈ ದಿನದ ಸುತ್ತಾಟಕ್ಕೆ ಸೇರಿಸಲು ಹೋಗಬಾರದು. ಹೂವಿನ ಅಂಗಡಿಯಲ್ಲಿ ಶಂಕರಪುರದ ಮಲ್ಲಿಗೆ ಇದೆಯೇ ಎಂದು ನನ್ನ ಪತ್ನಿ ವಿಚಾರಿಸಿದಳು. ಅಂಗಡಿಯವನು ತಮಿಳುನಾಡಿನ ಮಲ್ಲಿಗೆಯ ದಂಡೆಯನ್ನು ತೋರಿಸಿ ಇದೂ ಮಲ್ಲಿಗೆಯೇ ಎಂದ. ಅವಳು ಕೊಂಡಳು, ಆದರೆ ಒಪ್ಪಲಿಲ್ಲ.

ಊಟವನ್ನು ಮೀನಾ ಬಜಾರಿನ ಆಸುಪಾಸಿನಲ್ಲೇ ಮುಗಿಸಿಕೊಳ್ಳುವುದು ಜಾಣತನ. ದಕ್ಷಿಣ ಭಾರತದ ಸಸ್ಯಾಹಾರಿ ಹೋಟೆಲುಗಳು ಅಲ್ಲಿ ಸಾಲಾಗಿವೆ. ನಾವು ಹೊಕ್ಕ ಕಡೆ ಊಟ ಬಿಸಿಯಾಗಿ, ಶುಚಿಯಾಗಿ ಇತ್ತು. ಸಾಂಬಾರು ಮಾತ್ರ ಉಡುಪಿಯ ಹೆಸರು ಹೊತ್ತಿದ್ದರೂ ಬೆಲ್ಲವನ್ನು ಮರೆತಿತ್ತು. ಇದಕ್ಕಿಂತ ಹೆಚ್ಚಿಗೆ ಹೇಳುವಂಥದ್ದು ಅದರಲ್ಲಿ ಇರಲಿಲ್ಲ.

ಇನ್ನು ಅಬ್ರಾ. ಈ ದಿನದ ಅತ್ಯುತ್ತಮ ಭಾಗ ಇದೇ ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ದುಬೈ ಕ್ರೀಕ್ ನದಿಯಲ್ಲ. ಸಮುದ್ರವೇ ಒಳಕ್ಕೆ ಚಾಚಿಕೊಂಡ ಉಪ್ಪುನೀರಿನ ಕವಲು. ಅದರ ಒಂದು ದಡ ಬರ್ ದುಬೈ, ಇನ್ನೊಂದು ದೇರಾ. 1960ರ ದಶಕದ ಆರಂಭದಲ್ಲಿ ಅಲ್ ಮಕ್ತೂಮ್ ಸೇತುವೆ ಬರುವ ತನಕ ಈ ದಡದಿಂದ ಆ ದಡಕ್ಕೆ ದೋಣಿಯೇ ದಾರಿ. ಇಲ್ಲವಾದರೆ ಕ್ರೀಕಿನ ತಲೆಯನ್ನು ಬಳಸಿಕೊಂಡು ಹೋಗಬೇಕಿತ್ತು. ಈಗ ಸೇತುವೆಗಳು, ಸುರಂಗ, ನೀರಿನಡಿಯ ಮೆಟ್ರೋ ಎಲ್ಲ ಇದ್ದರೂ ಅಬ್ರಾ ನಿಂತಿಲ್ಲ. ದರ ಒಂದು ದಿರ್ಹಮ್. ಟಿಕೆಟ್ ಇಲ್ಲ, ಮುಂಗಡ ಕಾದಿರಿಸುವಿಕೆ ಇಲ್ಲ. ಮರದ ದೋಣಿಯ ನಡುವೆ ಉದ್ದನೆಯ ಹಲಗೆ, ಅದರ ಎರಡೂ ಬದಿಗೆ ಬೆನ್ನಿಗೆ ಬೆನ್ನು ಕೊಟ್ಟು ನೀರಿಗೆ ಮುಖ ಮಾಡಿ ಇಪ್ಪತ್ತರಷ್ಟು ಜನ ಕೂರುತ್ತಾರೆ. ದೋಣಿಯವನು ನಡುವಿನ ಗುಂಡಿಯಲ್ಲಿ ನಿಂತು ಎಂಜಿನ್ ನಡೆಸುತ್ತಾನೆ. ನಾಣ್ಯಗಳು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿ ಅವನನ್ನು ತಲುಪುತ್ತವೆ. ಜನ ತುಂಬಿದ ಕೂಡಲೇ ಹೊರಡುತ್ತದೆ, ಕೆಲವೇ ನಿಮಿಷಗಳಲ್ಲಿ ಆಚೆ ದಡ. ದೋಣಿಯ ಅಂಚಿಗೆ ಕಟಕಟೆ ಇಲ್ಲ, ಹತ್ತುವ ಇಳಿಯುವ ಹೊತ್ತಿನಲ್ಲಿ ತೂಗಾಡುತ್ತದೆ. ಸೀರೆ ಉಟ್ಟವರು ನೆರಿಗೆಯನ್ನು ಎತ್ತಿಕೊಳ್ಳಬೇಕು, ಮೊಣಕಾಲು ನೋವಿನವರು ಪಕ್ಕದವರ ಕೈ ಹಿಡಿಯಲು ನಾಚಿಕೊಳ್ಳಬಾರದು. ನಮ್ಮೊಂದಿಗೆ ಇದ್ದವರಲ್ಲಿ ಪ್ರವಾಸಿಗರು ಕಡಿಮೆ. ಹೆಚ್ಚಿನವರು ಕೆಲಸಕ್ಕೆ ಹೊರಟವರು, ಕೆಲಸ ಮುಗಿಸಿದವರು, ಚೀಲ ತುಂಬ ಸಾಮಾನು ಹೊತ್ತವರು. ಒಂದು ಸೇವೆ ಪ್ರವಾಸಿಗರಿಗಾಗಿ ನಟಿಸುತ್ತಿಲ್ಲ, ತನ್ನ ಪಾಡಿಗೆ ತಾನು ನಡೆಯುತ್ತಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಗುರುತು ಬೇಡ.

ಆ ನಿಮಿಷಗಳಲ್ಲಿ ಕಣ್ಣಿಗೆ ಬೀಳುವುದು ದುಬೈಯ ಇಡೀ ಆರ್ಥಿಕ ಚರಿತ್ರೆ. ಎಣ್ಣೆಗಿಂತ ಮೊದಲು ಈ ಊರು ನಿಂತಿದ್ದದ್ದು ಮುತ್ತಿನ ಮೇಲೆ. ಜಪಾನಿನ ಕೃಷಿ ಮುತ್ತು ಮಾರುಕಟ್ಟೆಗೆ ಬಂದು, ಜಾಗತಿಕ ಆರ್ಥಿಕ ಕುಸಿತವೂ ಜೊತೆಗೂಡಿ, 1930ರ ದಶಕದಲ್ಲಿ ಆ ವ್ಯಾಪಾರ ನೆಲಕಚ್ಚಿತು. ಆಮೇಲೆ ಕ್ರೀಕಿನ ಬಾಯಿಯಲ್ಲಿ ಹೂಳು ತುಂಬಿ ದೊಡ್ಡ ಹಡಗುಗಳು ಒಳಬರಲಾರದಂತಾದಾಗ, ಶೇಖ್ ರಶೀದ್ ಅವರ ಕಾಲದಲ್ಲಿ ಕುವೈತಿನಿಂದ ಸಾಲ ತಂದು ಅದರ ಹೂಳೆತ್ತಿಸಿದರು. ಗಮನಿಸಬೇಕಾದದ್ದೆಂದರೆ, ದುಬೈಯಲ್ಲಿ ಎಣ್ಣೆ ಪತ್ತೆಯಾದದ್ದು 1966ರಲ್ಲಿ, ಹೂಳೆತ್ತುವ ಕೆಲಸ ನಡೆದದ್ದು ಅದಕ್ಕೂ ಮೊದಲು. ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯ ಹೂಳಿನಿಂದಾಗಿ ದೊಡ್ಡ ಹಡಗುಗಳಿಗೆ ಹಳೆಬಂದರು ಎಟುಕದೆ, 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರಿಗೆ ಹೋಗಬೇಕಾದ ಮಂಗಳೂರಿನವರಿಗೆ ಈ ಸಮಸ್ಯೆಯನ್ನು ಬಿಡಿಸಿ ಹೇಳಬೇಕಿಲ್ಲ. ದೇರಾ ದಡದಲ್ಲಿ ಕಟ್ಟಿಹಾಕಿದ್ದ ಧೋ ಎಂಬ ಮರದ ಸರಕುದೋಣಿಗಳ ಮೇಲೆ ಫ್ರಿಜ್ಜು, ಟಯರು, ಅಕ್ಕಿಮೂಟೆಗಳನ್ನು ಪೇರಿಸಿದ್ದರು. ಹಳೆಬಂದರಿನಿಂದ ಲಕ್ಷದ್ವೀಪಕ್ಕೆ ಹೊರಡುವ ಮಂಜಿ ಎಂಬ ಸರಕುದೋಣಿಗಳನ್ನು ನೋಡಿ ಬೆಳೆದ ನನಗೆ ಅಲ್ಲಿಂದ ಕಾಲು ಕೀಳಲು ಮನಸ್ಸಾಗಲಿಲ್ಲ. ಪತ್ನಿ ಎಳೆದುಕೊಂಡು ಹೋಗಬೇಕಾಯಿತು.

ದೇರಾದಲ್ಲಿ ಇಳಿದ ಕೂಡಲೇ ಮಸಾಲೆ ಸೂಕ್. ಕೇಸರಿ, ಒಣಗಿಸಿದ ಕಪ್ಪು ನಿಂಬೆ, ಲೋಬಾನ, ಗುಲಾಬಿ ಮೊಗ್ಗು, ಜೊತೆಗೆ ನಮ್ಮದೇ ಘಟ್ಟದ ಏಲಕ್ಕಿ ಮತ್ತು ಕಾಳುಮೆಣಸು. ಇವೆರಡನ್ನು ದುಬೈಯಿಂದ ಹೊತ್ತು ತರುವುದು ಹಾಸ್ಯಾಸ್ಪದ. ಕರೆಯುವವರ ಕಾಟ ಇಲ್ಲಿ ಜೋರಾಗಿದೆ. ಕೈಯಲ್ಲಿ ಕೇಸರಿಯ ಡಬ್ಬಿ ಹಿಡಿದು ಹಿಂದಿ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಮಾತನಾಡಿಸುತ್ತ ಬೆನ್ನು ಬೀಳುತ್ತಾರೆ. ಆದರೆ ಒಂದು ಅಂಗಡಿಯ ಹುಡುಗ ನಮ್ಮಿಬ್ಬರ ಮಾತು ಕೇಳಿ, “ನಿಮ್ಮದು ಊರಲ್ಲಿ ಎಲ್ಲಿ ಆಯ್ತು?” ಎಂದ, ಅವನು ಕಾಸರಗೋಡಿನ ಕಡೆಯವನು. ಕೇಸರಿಯ ವಿಷಯದಲ್ಲಿ ಅವನು ಹೇಳಿದ್ದು ಇಷ್ಟೇ: “ಅಗ್ಗಕ್ಕೆ ಸಿಕ್ಕಿದ್ದನ್ನು ತಗೊಳ್ಬೇಡಿ ಅಕ್ಕ, ನೀರಿಗೆ ಹಾಕಿ ನೋಡಿ. ಕೂಡಲೇ ಕೆಂಪು ಬಿಟ್ಟರೆ ಅದು ಬಣ್ಣ.” ನಿಜವಾದ ಕೇಸರಿ ನಿಧಾನವಾಗಿ ಹಳದಿ ಬಣ್ಣ ಬಿಡುತ್ತದೆ, ಎಸಳು ಕೆಂಪಾಗಿಯೇ ಉಳಿಯುತ್ತದೆ. ಲೋಬಾನವನ್ನು ಮಾತ್ರ ಇಲ್ಲಿ ಕೊಳ್ಳಬಹುದು. ಒಮಾನಿನದೆಂದು ಮಾರುವ ತಿಳಿ ಹಸಿರು ಛಾಯೆಯ ಹರಳುಗಳು ಸಾದಾ ಹರಳಿಗಿಂತ ದುಬಾರಿಯಾದರೂ ಪರಿಮಳದಲ್ಲಿ ಸ್ಪಷ್ಟವಾಗಿ ಮೇಲು.

ಚಿನ್ನದ ಸೂಕ್‌ಗೆ ಹೋಗುವುದನ್ನು ಯಾವ ಕರಾವಳಿಯ ದಂಪತಿಗಳೂ ತಪ್ಪಿಸುವುದಿಲ್ಲವಾದ್ದರಿಂದ ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು. ಮರದ ಚಾವಣಿಯ ಕೆಳಗೆ ಎರಡೂ ಬದಿಗೆ ನೂರಾರು ಅಂಗಡಿಗಳು. ನಜ್ಮತ್ ತೈಬಾ ಎಂಬ ಸುಮಾರು 64 ಕಿಲೋ ತೂಕದ 21 ಕ್ಯಾರೆಟ್ಟಿನ ಉಂಗುರವೊಂದನ್ನು ಗಾಜಿನ ಹಿಂದೆ ಇಟ್ಟಿದ್ದಾರೆ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಚಿನ್ನದ ದಿನದ ದರ ಎಲ್ಲ ಅಂಗಡಿಯಲ್ಲೂ ಒಂದೇ, ಚೌಕಾಸಿ ನಡೆಯುವುದು ಮಜೂರಿಯ ಮೇಲೆ ಮಾತ್ರ. ಹೆಚ್ಚಿನ ಕುಸುರಿ ಇಲ್ಲದ ಬಳೆ, ಸರಗಳಿಗೆ ಮಜೂರಿ ಕಡಿಮೆ, ಅಲ್ಲಿ ಜಗ್ಗಾಡಿದರೆ ಇನ್ನೂ ಇಳಿಯುತ್ತದೆ. 2018ರ ಜನವರಿಯಿಂದ 5 ಶೇಕಡಾ ವ್ಯಾಟ್ ಇದೆ. ಪ್ರವಾಸಿಗರಿಗೆ ಅದರ ದೊಡ್ಡ ಭಾಗ ವಿಮಾನ ನಿಲ್ದಾಣದಲ್ಲಿ ಹಿಂದಿರುಗುತ್ತದೆ, ಆದರೆ ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ತೆರಿಗೆ ಮರುಪಾವತಿಗೆ ಆ ಖರೀದಿಯನ್ನು ನೋಂದಣಿ ಮಾಡಿಸಿರಬೇಕು. ಇದೆಲ್ಲಕ್ಕಿಂತ ಮುಖ್ಯವಾದದ್ದು ಭಾರತದ ಕಸ್ಟಮ್ಸ್ ನಿಯಮ. ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40 ಗ್ರಾಂ ಆಭರಣವನ್ನು ಸುಂಕವಿಲ್ಲದೆ ತರಬಹುದೆಂದು ನಮ್ಮೂರಿನಲ್ಲಿ ಎಲ್ಲರೂ ಹೇಳುತ್ತಾರೆ. ಆ ರಿಯಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿ ವಾಸವಾಗಿದ್ದು ಮರಳುವವರಿಗೆ ಮಾತ್ರ, ವಾರದ ಮಟ್ಟಿಗೆ ಸುತ್ತಾಡಲು ಹೋದವರಿಗೆ ಅಲ್ಲ. ಮಜೂರಿಯಲ್ಲಿ ಉಳಿಸಿದ್ದನ್ನು ಬಜ್ಪೆಯಲ್ಲಿ ಸುಂಕವಾಗಿ ಕಟ್ಟುವ ಆಸೆ ಇಲ್ಲದವರು ಇಲ್ಲಿ ನೋಡಿ ಆನಂದಪಟ್ಟು, ಮಗಳ ಮದುವೆಯ ಚಿನ್ನವನ್ನು ಮಂಗಳೂರಿನಲ್ಲೇ ಕೊಳ್ಳುವುದು ಒಳ್ಳೆಯದು. ಪತ್ನಿ ಒಂದು ಮೂಗುತಿಗೆ ತೃಪ್ತಳಾದಳು ಎಂಬುದನ್ನು ನಾನು ಸಮಾಧಾನದಿಂದ ದಾಖಲಿಸುತ್ತೇನೆ.

ಇಲ್ಲಿಂದ ಗೋಲ್ಡ್ ಸೂಕ್ ನಿಲ್ದಾಣಕ್ಕೆ ನಡೆದು, ಯೂನಿಯನ್ ನಿಲ್ದಾಣದಲ್ಲಿ ರೆಡ್ ಲೈನಿಗೆ ಬದಲಾಯಿಸಿಕೊಂಡರೆ ಬುರ್ಜ್ ಖಲೀಫಾ ಮತ್ತು ದುಬೈ ಮಾಲ್ ಎರಡಕ್ಕೂ ಒಂದೇ ನಿಲ್ದಾಣ. ಹೆಸರು ನೋಡಿ, ಇಳಿದ ಕೂಡಲೇ ಗೋಪುರದ ಬುಡ ಸಿಗುತ್ತದೆ ಎಂದು ಭಾವಿಸಬಾರದು. ನಿಲ್ದಾಣದಿಂದ ಮಾಲಿಗೆ ಮುಚ್ಚಿದ ಸೇತುವೆಯೊಂದನ್ನು ಕಟ್ಟಿದ್ದಾರೆ, ಉದ್ದ ಸುಮಾರು 800 ಮೀಟರಿಗೂ ಹೆಚ್ಚು. ಒಳಗೆ ಹವಾನಿಯಂತ್ರಣ ಇದೆ, ಚಲಿಸುವ ಪಟ್ಟಿಗಳೂ ಇವೆ, ಆದರೂ ಬೆಳಗ್ಗಿನಿಂದ ನಡೆದ ಕಾಲಿಗೆ ಅದು ಉದ್ದವೇ. ಮಾಲಿನೊಳಗೆ ಅಂಗಡಿಗಳ ಸಂಖ್ಯೆ ಸಾವಿರ ದಾಟುತ್ತದೆ. ಅವುಗಳಲ್ಲಿ ನಮಗೆ ಆಸಕ್ತಿ ಇರಲಿಲ್ಲ. ಅಕ್ವೇರಿಯಂನ ಬೃಹತ್ ಗಾಜಿನ ಗೋಡೆಯನ್ನು ಮಾತ್ರ ಟಿಕೆಟ್ ಕೊಳ್ಳದೆಯೇ ಹೊರಗಿನಿಂದ ನೋಡಬಹುದು. ಶಾರ್ಕ್, ತೊರಕೆ, ಮುರುವಿನ ದೊಡ್ಡ ಹಿಂಡುಗಳು ಅದರಲ್ಲಿ ತೇಲುತ್ತವೆ. ಮಲ್ಪೆಯಲ್ಲಿ ಮೀನನ್ನು ಬುಟ್ಟಿಯಲ್ಲಿ ನೋಡಿ ಅಭ್ಯಾಸವಾದವರು ತೊರಕೆ ನೀರಿನಲ್ಲಿ ರೆಕ್ಕೆ ಬೀಸುವುದನ್ನು ನೋಡಲು ಒಂದಷ್ಟು ಹೊತ್ತು ನಿಲ್ಲುವುದು ಖಂಡಿತ.

ಬುರ್ಜ್ ಖಲೀಫಾ 828 ಮೀಟರ್ ಎತ್ತರವಿದೆ, 2010ರ ಜನವರಿ 4ರಂದು ಉದ್ಘಾಟನೆಯಾಯಿತು. ಎತ್ತರವನ್ನು ಅಂಕಿಗಳಿಗಿಂತ ಚೆನ್ನಾಗಿ ತಿಳಿಸುವ ಒಂದು ಸಂಗತಿ ಇದೆ: ಮೇಲಿನ ಅಂತಸ್ತುಗಳಲ್ಲಿ ಸೂರ್ಯ ತಡವಾಗಿ ಮುಳುಗುವುದರಿಂದ, ರಮಝಾನಿನಲ್ಲಿ 80ನೆಯ ಅಂತಸ್ತಿಗಿಂತ ಮೇಲೆ ಇರುವವರು ಎರಡು ನಿಮಿಷ, 150ಕ್ಕಿಂತ ಮೇಲೆ ಇರುವವರು ಮೂರು ನಿಮಿಷ ತಡವಾಗಿ ಉಪವಾಸ ಬಿಡಬೇಕೆಂದು ಅಲ್ಲಿನ ಧರ್ಮಗುರುಗಳು ತಿಳಿಸಿದ್ದರು. ಸಾರ್ವಜನಿಕರಿಗೆ 124 ಮತ್ತು 125ನೆಯ ಅಂತಸ್ತಿನಲ್ಲಿ ಒಂದು, 148ರಲ್ಲಿ ಇನ್ನೊಂದು ವೀಕ್ಷಣಾ ಸ್ಥಳವಿದೆ. ಸೂರ್ಯಾಸ್ತದ ಹೊತ್ತಿಗೆ ದರ ಏರುತ್ತದೆ. ನಾವು ಹತ್ತಲಿಲ್ಲ. ಹತ್ತಿದರೆ ಕಾಣುವ ನೋಟದಲ್ಲಿ ಆ ಗೋಪುರವೊಂದೇ ಇರುವುದಿಲ್ಲವಲ್ಲ ಎಂಬುದು ನನ್ನ ತರ್ಕ. ಇಬ್ಬರ ಟಿಕೆಟ್ಟಿನ ಮೊತ್ತವನ್ನು ರೂಪಾಯಿಗೆ ಗುಣಿಸಿ ನೋಡಿದ ಪತ್ನಿಗೆ ತರ್ಕದ ಅಗತ್ಯವೇ ಬೀಳಲಿಲ್ಲ. ಜೀವನದಲ್ಲಿ ಒಮ್ಮೆ ಹತ್ತಲೇಬೇಕು ಎನ್ನುವವರು ಬೆಳಗ್ಗೆಯ ಕಡಿಮೆ ದರದ ವೇಳೆಗೆ ಮೊದಲೇ ಆನ್‌ಲೈನಿನಲ್ಲಿ ಕಾದಿರಿಸಿ, ಈ ದಿನದ ಕ್ರಮವನ್ನು ತಿರುವುಮುರುವಾಗಿ ಮಾಡಿ, ಸಂಜೆಗೆ ಕ್ರೀಕಿನತ್ತ ಬರಬಹುದು. ಸಂಜೆಯ ಬೆಳಕಿನಲ್ಲಿ ಅಬ್ರಾ ಇನ್ನೂ ಚೆಂದ.

ಗೋಪುರದ ಕೆಳಗಿನ ಕಾರಂಜಿಗೆ ದುಡ್ಡಿಲ್ಲ. ಸಂಜೆಯಾದ ಮೇಲೆ ಅರ್ಧ ಗಂಟೆಗೊಮ್ಮೆ ಸಂಗೀತದೊಂದಿಗೆ ನಡೆಯುತ್ತದೆ. ಸುಮಾರು 275 ಮೀಟರ್ ಉದ್ದಕ್ಕೆ ಹರಡಿರುವ ಈ ಕಾರಂಜಿಯ ನೀರು 150 ಮೀಟರಿನವರೆಗೂ ಚಿಮ್ಮಬಲ್ಲದು. ಒಂದೊಂದು ಪ್ರದರ್ಶನ ಕೆಲವೇ ನಿಮಿಷ, ಪ್ರತಿ ಸಲವೂ ಹಾಡು ಬೇರೆ. ಮೊದಲ ಪ್ರದರ್ಶನಕ್ಕೆ ಮಾಲಿನ ಬಾಗಿಲ ಎದುರು ಜನ ಒತ್ತೊತ್ತಾಗಿ ನಿಲ್ಲುತ್ತಾರೆ. ಎಲ್ಲರ ಮೊಬೈಲುಗಳೂ ಮೇಲೆ ಎದ್ದಿರುವುದರಿಂದ ಹಿಂದಿನವರಿಗೆ ಕಾಣುವುದು ಬೇರೆಯವರ ಪರದೆಯೇ. ಸೂಕ್ ಅಲ್ ಬಹಾರ್ ಕಡೆಯ ಸೇತುವೆಗೆ ಹೋಗಿ ಎರಡನೆಯ ಅಥವಾ ಮೂರನೆಯ ಪ್ರದರ್ಶನಕ್ಕೆ ಕಾದರೆ ನೆಮ್ಮದಿಯಾಗಿ ನೋಡಬಹುದು.

ಈ ಸುತ್ತಾಟ ಎಲ್ಲರಿಗೂ ಹೊಂದುತ್ತದೆಂದು ನಾನು ಹೇಳಲಾರೆ. ನವೆಂಬರಿನಿಂದ ಮಾರ್ಚಿನ ತನಕ ಮಾತ್ರ ಇದು ಸುಖಕರ. ಮೇ ತಿಂಗಳ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹೊರಟರೆ ಅಲ್ ಫಹೀದಿಯ ನೆರಳೂ ಕಾಪಾಡುವುದಿಲ್ಲ. ವಯಸ್ಸಾದ ತಂದೆತಾಯಿಯರಿದ್ದರೆ ಮೆಟ್ರೋ ಸೇತುವೆಯ ನಡಿಗೆಯನ್ನು ಬಿಟ್ಟು ದೇರಾದಿಂದ ಮಾಲಿಗೆ ಟ್ಯಾಕ್ಸಿಯಲ್ಲಿ ಹೋಗಬೇಕು. ಮೀಟರಿನ ಟ್ಯಾಕ್ಸಿ ಅಲ್ಲಿ ನಂಬಲರ್ಹ. ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆಯ ಹೊತ್ತಿನಲ್ಲಿ ಸೂಕ್‌ಗಳ ಅಂಗಡಿಗಳು ಮುಚ್ಚಿರುತ್ತವೆ. ಇತರ ದಿನಗಳಲ್ಲೂ ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ತೆರೆಯುವ ಅಂಗಡಿಗಳು ಅನೇಕ. 2022ರಿಂದ ಅಲ್ಲಿ ವಾರದ ರಜೆ ಶನಿವಾರ ಮತ್ತು ಭಾನುವಾರ ಆಗಿರುವುದರಿಂದ ಆ ಎರಡು ದಿನ ಕಾರಂಜಿಯ ಬಳಿ ನೂಕುನುಗ್ಗಲು ಹೆಚ್ಚು. ಭಾನುವಾರ ಮೆಟ್ರೋ ಶುರುವಾಗುವುದೇ ಬೆಳಗ್ಗೆ ಎಂಟಕ್ಕೆ. ಸೋಮವಾರದಿಂದ ಗುರುವಾರದ ನಡುವೆ ಒಂದು ದಿನವನ್ನು ಆರಿಸಿಕೊಂಡರೆ ರೈಲು ಬೆಳಗ್ಗೆ ಐದರಿಂದ ಮಧ್ಯರಾತ್ರಿ ಹನ್ನೆರಡರವರೆಗೆ ಇರುತ್ತದೆ. ಕಡೆಯ ಪ್ರದರ್ಶನ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಆ ಉದ್ದ ಸೇತುವೆಯತ್ತ ಹರಿಯುವುದರಿಂದ, ಒಂದು ಪ್ರದರ್ಶನ ಬಾಕಿ ಇರುವಾಗಲೇ ಹೊರಟರೆ ಗಾಡಿಯಲ್ಲಿ ಇಬ್ಬರಿಗೂ ಕೂರಲು ಸೀಟು ಸಿಗುವ ಸಾಧ್ಯತೆ ಇದೆ.